ಮೊದಲು ಆಲ್ಬಂ, ಆಮೇಲೆ ಪ್ಲೇಯರ್: ಮನೆಯಲ್ಲಿ ಸರೌಂಡ್ ಸಂಗೀತಕ್ಕೆ ಯಾವ ಡಿಸ್ಕ್?

"ಸರೌಂಡ್‌ನಲ್ಲಿ ಹಾಡು ಕೇಳಬೇಕು, ಯಾವ ಪ್ಲೇಯರ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: "ನಿಮಗೆ ಬೇಕಾದ ಹತ್ತು ಆಲ್ಬಂ ಯಾವುವು?" ಬಹಳ ಜನಕ್ಕೆ ಇದು ಹಿಡಿಸುವುದಿಲ್ಲ. ಮಾಡೆಲ್ ನಂಬರ್ ಹೇಳಿದರೆ ಸಾಕು, ಹೋಗಿ ತಂದುಬಿಡೋಣ ಅಂತ ಅವರ ಲೆಕ್ಕ. ಆದರೆ ಸ್ಟೀರಿಯೊ ಸಿಡಿ ಥರ ಇದು ಯಾವ ಪೆಟ್ಟಿಗೆಗೆ ಹಾಕಿದರೂ ಹಾಡುವ ಜಾತಿಯಲ್ಲ. ಒಂದು ಆಲ್ಬಂನ 5.1 ಮಿಕ್ಸ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಅಂತ ಹಂಚಿದ ರೂಪ) ಎಸ್‌ಎಸಿಡಿಯಲ್ಲಿ, ಅಂದರೆ ಸೂಪರ್ ಆಡಿಯೊ ಸಿಡಿಯಲ್ಲಿ, ಮಾತ್ರ ಸಿಗುತ್ತದೆ. ಇನ್ನೊಂದರದ್ದು ಡಿವಿಡಿ-ಆಡಿಯೊದಲ್ಲಿ ಮಾತ್ರ. ಮೂರನೆಯದ್ದು ಯಾವುದೋ ದಪ್ಪ ಬಾಕ್ಸ್ ಸೆಟ್ ಒಳಗಿನ ಬ್ಲೂ-ರೇಯಲ್ಲಿ ಕೂತಿರುತ್ತದೆ. ಪ್ಲೇಯರ್ ಮೊದಲು ತಂದವರು ಆಮೇಲೆ ಅದಕ್ಕೆ ಹೊಂದುವ ಸಂಗೀತ ಹುಡುಕುತ್ತಾ ಕೂರುತ್ತಾರೆ. ಇಷ್ಟವಿಲ್ಲದ ಸಂಗೀತವನ್ನು ಐದು ಸ್ಪೀಕರ್‌ನಲ್ಲಿ ಕೇಳಿ ಏನು ಸುಖ, ಅಲ್ವಾ?

ಮುಂಬಯಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿಗೆ ಅಂಗಡಿಯಲ್ಲಿ ನಿಂತು ಕವರ್ ತಿರುವಿ, ಹಿಂಬದಿಯ ಸಣ್ಣ ಅಕ್ಷರ ಓದಿ ಡಿಸ್ಕ್ ತರುವ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗ ಇಂಥ ಡಿಸ್ಕ್‌ಗಳನ್ನು ಬಹುಪಾಲು ಹೊರದೇಶದಿಂದಲೇ ತರಿಸಬೇಕು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಬೆಲೆ ಏರುತ್ತದೆ. ತಪ್ಪು ಡಿಸ್ಕ್ ಬಂದರೆ ವಾಪಸ್ ಕಳಿಸುವ ಖರ್ಚು ಡಿಸ್ಕಿಗಿಂತ ಜಾಸ್ತಿ. ಹಾಗಾಗಿ ಕಾರ್ಟ್‌ಗೆ ಹಾಕುವ ಮೊದಲೇ ಎಲ್ಲ ತಿಳಿದುಕೊಂಡಿರುವುದು ಒಳ್ಳೆಯದು.

ಎಸ್‌ಎಸಿಡಿ

ಸೋನಿ ಮತ್ತು ಫಿಲಿಪ್ಸ್ ಸೇರಿ 1999ರಲ್ಲಿ ತಂದ ಡಿಸ್ಕ್ ಇದು. ದನಿಯನ್ನು ಅಂಕಿಗಳಾಗಿ ಬರೆದಿಡಲು ಸಿಡಿ ಬಳಸುವ ಪಿಸಿಎಂ ವಿಧಾನದ ಬದಲು ಇದರಲ್ಲಿ ಡಿಎಸ್‌ಡಿ ಎನ್ನುವ ವಿಧಾನ. ಒಂದೇ ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ, ಅಂದರೆ ಸಿಡಿಯ 44.1 ಕಿಲೊಹರ್ಟ್ಸ್‌ನ 64 ಪಟ್ಟು. ಈ ಡಿಸ್ಕಿನ ಜಾಣತನ ಇರುವುದು ಪದರಗಳಲ್ಲಿ. ಹೈಬ್ರಿಡ್ ಡಿಸ್ಕ್‌ನಲ್ಲಿ ಮಧ್ಯದಲ್ಲೊಂದು ಅರೆಪಾರದರ್ಶಕ ಪದರ. ಎಸ್‌ಎಸಿಡಿ ಪ್ಲೇಯರ್‌ನ ಲೇಸರ್ ಅದನ್ನು ಓದುತ್ತದೆ. ಮಾಮೂಲಿ ಸಿಡಿ ಪ್ಲೇಯರ್‌ನ ಲೇಸರ್ ಅದನ್ನು ದಾಟಿ ಒಳಗಿನ ಸಿಡಿ ಪದರಕ್ಕೆ ಹೋಗುತ್ತದೆ. ಹಾಗಾಗಿ ಅದೇ ಡಿಸ್ಕನ್ನು ಕಾರಿನಲ್ಲೂ ಕೇಳಬಹುದು. ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ತಡೆಯುವ ಪ್ರದೇಶ ಕೋಡ್‌ನ ಕಾಟ ಇಲ್ಲ. ಟಿವಿ ಹಚ್ಚಬೇಕಾಗಿಯೂ ಇಲ್ಲ. ಡಿಸ್ಕ್ ಹಾಕು, ಪ್ಲೇ ಒತ್ತು, ಅಷ್ಟೇ. ದಿನದ ಬಳಕೆಗೆ ನನಗೆ ಇವತ್ತಿಗೂ ಇದೇ ಅತಿ ಸರಳ.

ಈಗ ಎಚ್ಚರಿಕೆ. ಕವರ್ ಮೇಲೆ ಎಸ್‌ಎಸಿಡಿ ಅಂತ ಇದ್ದರೆ ಸರೌಂಡ್ ಇದೆ ಅಂತ ಅರ್ಥ ಅಲ್ಲ. ಬರೀ ಸ್ಟೀರಿಯೊ ಎಸ್‌ಎಸಿಡಿಗಳು ಬೇಕಾದಷ್ಟಿವೆ. ಜಪಾನಿನ ಎಸ್‌ಎಚ್‌ಎಂ-ಎಸ್‌ಎಸಿಡಿಗಳಲ್ಲಿ ಬಹಳಷ್ಟು ಸ್ಟೀರಿಯೊ ಮಾತ್ರ, ಮೇಲಿಂದ ಸಿಡಿ ಪದರವೂ ಇಲ್ಲ. ಹಿಂಬದಿಯಲ್ಲಿ ಮಲ್ಟಿ-ಚಾನೆಲ್ ಅಂತ ಬರೆದಿದೆಯಾ ನೋಡಲೇಬೇಕು.

ಮಲ್ಟಿ-ಚಾನೆಲ್ ಅಂತ ಇದ್ದರೂ ಐದೂ ಸ್ಪೀಕರ್ ಹಾಡಬೇಕು ಅಂತೇನಿಲ್ಲ. ಆರ್‌ಸಿಎಯ ಲಿವಿಂಗ್ ಸ್ಟೀರಿಯೊ ಸರಣಿಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು 1950ರ ದಶಕದಲ್ಲಿ ಎಷ್ಟೋ ಸಲ ಮೂರು ಟ್ರ್ಯಾಕ್‌ನಲ್ಲಿ ಧ್ವನಿಮುದ್ರಿಸಿದ್ದರು. ಎಸ್‌ಎಸಿಡಿಯಲ್ಲೂ ಅದನ್ನು ಹಾಗೇ ಇಟ್ಟರು: ಎಡ, ನಡು, ಬಲ. ಹಿಂದಿನ ಎರಡು ಸ್ಪೀಕರ್ ಪೂರ್ತಿ ಮೌನ. ಪೆಂಟಾಟೋನ್ ಕಂಪನಿ ಫಿಲಿಪ್ಸ್‌ನ 1970ರ ದಶಕದ ಕ್ವಾಡ್ ಟೇಪ್‌ಗಳನ್ನು ಎಸ್‌ಎಸಿಡಿ ಮಾಡಿತು. ಅದರಲ್ಲಿ ನಾಲ್ಕೇ ಚಾನೆಲ್. ನಡುವಿನ ಸ್ಪೀಕರ್ ಮೌನ, ಸಬ್‌ವೂಫರ್‌ಗೆ ಪ್ರತ್ಯೇಕ ಚಾನೆಲ್ ಇಲ್ಲ. ಇದು ಗೊತ್ತಿಲ್ಲದವರು ವೈರ್ ಬಿಚ್ಚಿ ಕಟ್ಟಿ ಸುಸ್ತಾಗುತ್ತಾರೆ.

ಡಿವಿಡಿ-ಆಡಿಯೊ

ಇದು ಎಸ್‌ಎಸಿಡಿಯ ದಾಯಾದಿ, 2000ದಲ್ಲಿ ಬಂದದ್ದು. ಆರು ಚಾನೆಲ್‌ವರೆಗೆ 24 ಬಿಟ್, 96 ಕಿಲೊಹರ್ಟ್ಸ್, ಎಂಎಲ್‌ಪಿ ಎನ್ನುವ ಲಾಸ್‌ಲೆಸ್ (ಏನನ್ನೂ ಕಳೆಯದೆ ಕುಗ್ಗಿಸುವ) ವಿಧಾನದಲ್ಲಿ. ಕಾಗದದ ಮೇಲೆ ಯಾವುದಕ್ಕೂ ಕಮ್ಮಿ ಇಲ್ಲ. ಸೋತದ್ದು ಬಳಕೆಯಲ್ಲಿ. ಬಹಳ ಡಿಸ್ಕ್‌ಗಳಿಗೆ ಟಿವಿಯಲ್ಲಿ ಮೆನು ನೋಡಿ ಆರಿಸಬೇಕು. ಮಾಮೂಲಿ ಸಿಡಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಒಂದು ಸಮಾಧಾನ ಇದೆ: ಇಂಥ ಡಿಸ್ಕ್‌ಗಳಲ್ಲಿ ಹೆಚ್ಚಿನವುಗಳ ವಿಡಿಯೊ ಭಾಗದಲ್ಲಿ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಟ್ರ್ಯಾಕ್ ಕೂಡ ಇರುತ್ತದೆ. ನಿಮ್ಮ ಹಳೇ ಡಿವಿಡಿ ಪ್ಲೇಯರ್ ಅದನ್ನು ಹಾಡಿಸುತ್ತದೆ. ಗುಣಮಟ್ಟ ಒಂದು ಮೆಟ್ಟಿಲು ಕೆಳಗೆ, ಮಿಕ್ಸ್ ಸಾಮಾನ್ಯವಾಗಿ ಅದೇ. ಮಿಕ್ಸ್ ಚೆನ್ನಾಗಿದ್ದರೆ ಆ ಒಂದು ಮೆಟ್ಟಿಲು ನನಗೆ ದೊಡ್ಡದಾಗಿ ಕಂಡಿಲ್ಲ.

ಸತ್ತ ಡಿಸ್ಕ್ ಅಂತ ಇದನ್ನು ಪೂರ್ತಿ ತಳ್ಳಿಹಾಕಬೇಡಿ. ಪ್ರೋಗ್ ರಾಕ್ (ಪ್ರೋಗ್ರೆಸಿವ್ ರಾಕ್) ಹುಚ್ಚು ಇದ್ದವರಿಗೆ ಇದು ಬೇಕೇ ಬೇಕು. ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ 5.1 ಮಾಡಿದ ಕಿಂಗ್ ಕ್ರಿಮ್ಸನ್ ತಂಡದ ಆಲ್ಬಂಗಳು 2009ರಿಂದ ಸಿಡಿ ಜೊತೆಗೊಂದು ಡಿವಿಡಿ-ಆಡಿಯೊ ಆಗಿಯೇ ಬಂದವು. ಡ್ಯುಯಲ್ ಡಿಸ್ಕ್ ಅಂತ ಇನ್ನೊಂದು ಅವತಾರವೂ ಇದೆ, ಒಂದು ಬದಿ ಸಿಡಿ, ಇನ್ನೊಂದು ಬದಿ ಡಿವಿಡಿ. ಮಾಮೂಲಿ ಡಿಸ್ಕಿಗಿಂತ ದಪ್ಪ. ಕಾರಿನ ಸ್ಲಾಟ್‌ಗೆ ತುರುಕಬೇಡಿ, ಸಿಕ್ಕಿಕೊಳ್ಳುತ್ತದೆ.

ಬ್ಲೂ-ರೇ

ಈಗ ಹೊಸದಾಗಿ ಬರುತ್ತಿರುವ ರಾಕ್, ಪಾಪ್ ಸರೌಂಡ್ ಆಲ್ಬಂಗಳಲ್ಲಿ ಹೆಚ್ಚಿನವು ಬ್ಲೂ-ರೇಯಲ್ಲಿ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ, ಇಲ್ಲವೇ ನೇರ ಪಿಸಿಎಂ. ಮೂರೂ ಲಾಸ್‌ಲೆಸ್, ಕಿವಿಗೆ ವ್ಯತ್ಯಾಸ ಇಲ್ಲ. ಜಾಗ ಧಾರಾಳ ಇರುವುದರಿಂದ ಒಂದೇ ಡಿಸ್ಕ್‌ನಲ್ಲಿ ಸ್ಟೀರಿಯೊ, 5.1, ಹಳೇ ಕ್ವಾಡ್, ಅಟ್ಮಾಸ್ (ಸೂರಿನ ಸ್ಪೀಕರ್‌ಗಳನ್ನೂ ಬಳಸುವ ಡಾಲ್ಬಿಯ ಸರೌಂಡ್) ಎಲ್ಲ ಇಡಬಹುದು. ರೈನೋ ಕಂಪನಿ ಕ್ವಾಡಿಯೊ ಹೆಸರಿನಲ್ಲಿ 1970ರ ದಶಕದ ಕ್ವಾಡ್ ಮಿಕ್ಸ್‌ಗಳನ್ನು ಬ್ಲೂ-ರೇಗೆ ತರುತ್ತಿದೆ. ನಾರ್ವೆಯ 2ಎಲ್ ಕಂಪನಿ ತನ್ನ ಶಾಸ್ತ್ರೀಯ ಆಲ್ಬಂಗಳಲ್ಲಿ ಎಷ್ಟೋ ಸಲ ಬ್ಲೂ-ರೇ, ಎಸ್‌ಎಸಿಡಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುತ್ತದೆ. ಎರಡು ಡಿಸ್ಕ್ ಹೋಲಿಸಿ ನೋಡುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ತೊಂದರೆ ಏನು ಅಂದರೆ ಮತ್ತೆ ಟಿವಿ. ಪ್ಯೂರ್ ಆಡಿಯೊ ಅಂತ ಹೆಸರಿರುವ ಕೆಲವು ಡಿಸ್ಕ್‌ಗಳಲ್ಲಿ ರಿಮೋಟ್‌ನ ಕೆಂಪು, ಹಸಿರು ಗುಂಡಿಗಳಿಂದ ಸ್ಟೀರಿಯೊ ಅಥವಾ ಸರೌಂಡ್ ಆರಿಸಬಹುದು, ಟಿವಿ ಹಚ್ಚುವುದೇ ಬೇಡ. ಉಳಿದವುಗಳಲ್ಲಿ ಮೆನು ಕಡ್ಡಾಯ. ರಾತ್ರಿ ದೀಪ ಆರಿಸಿ ಹಾಡು ಕೇಳೋಣ ಅಂತ ಕೂತರೆ ಎದುರಿಗೆ 55 ಇಂಚಿನ ಪರದೆ ಧಗಧಗ ಉರಿಯುತ್ತಿರುತ್ತದೆ. ಪ್ರದೇಶ ಕೋಡ್ ವಿಷಯದಲ್ಲಿ ಹೆದರಿಕೆ ಕಮ್ಮಿ. ಸಂಗೀತದ ಬ್ಲೂ-ರೇಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಕನ್ಸರ್ಟ್ ವಿಡಿಯೊ ಆದರೆ ಒಮ್ಮೆ ನೋಡಿಕೊಳ್ಳಿ: ಭಾರತ ಬ್ಲೂ-ರೇಗೆ ಪ್ರದೇಶ ಸಿ, ಡಿವಿಡಿಗೆ ಪ್ರದೇಶ 5.

ಡಿಟಿಎಸ್ ಸಿಡಿ ಅಂತ 1990ರ ದಶಕದ್ದೊಂದಿದೆ. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಸಿಕ್ಕಿದರೆ ತಗೊಳ್ಳಿ, ಹುಡುಕಿಕೊಂಡು ಹೋಗಬೇಡಿ. ನೋಡಲು ಸಿಡಿ, ಒಳಗೆ 5.1. ಡಿಜಿಟಲ್ ವೈರ್‌ನಲ್ಲಿ ರಿಸೀವರ್‌ಗೆ (ಪ್ಲೇಯರ್‌ನಿಂದ ದನಿ ತಗೊಂಡು ಎಲ್ಲ ಸ್ಪೀಕರ್‌ಗೂ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆಗೆ) ಕೊಟ್ಟರೆ ಸರಿಯಾಗಿ ಹಾಡುತ್ತದೆ. ಅನಲಾಗ್ ವೈರ್‌ನಲ್ಲಿ ಕೊಟ್ಟರೆ "ಸ್ಸ್ಸ್..." ಅಂತ ಜೋರಾದ ಗದ್ದಲ ಬಿಟ್ಟು ಬೇರೇನೂ ಬರುವುದಿಲ್ಲ. ವಾಲ್ಯೂಮ್ ಏರಿಸಿಟ್ಟಿದ್ದರೆ ಟ್ವೀಟರ್‌ಗೆ ಅಪಾಯ.

ಒಂದೇ ಆಲ್ಬಂ, ಎಷ್ಟೊಂದು ರೂಪ

ಡಿಸ್ಕ್‌ಗಿಂತ ಮಿಕ್ಸ್ ದೊಡ್ಡದು ಅನ್ನುವುದಕ್ಕೆ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ನೋಡಿ. ಆಲ್ಬಂ ಬಂದದ್ದು 1973ರಲ್ಲಿ. ಅದೇ ಕಾಲದಲ್ಲಿ ಆಲ್ಬಂನ ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ ಕ್ವಾಡ್ ಮಿಕ್ಸ್ ಮಾಡಿದರು. ಆಲ್ಬಂನಲ್ಲಿ ಒಟ್ಟಿಗೆ ಬಡಿದುಕೊಳ್ಳುವ ಗಡಿಯಾರಗಳಿವೆಯಲ್ಲ, ಅವನ್ನು ಅವರು ಮೊದಲು ಧ್ವನಿಮುದ್ರಿಸಿದ್ದೇ ಕ್ವಾಡ್ ಧ್ವನಿ ಹೇಗಿರುತ್ತದೆ ಅಂತ ತೋರಿಸಲು. 2003ರಲ್ಲಿ ಹೈಬ್ರಿಡ್ ಎಸ್‌ಎಸಿಡಿ ಬಂತು, ಅದರಲ್ಲಿ ಜೇಮ್ಸ್ ಗತ್ರಿ ಮಾಡಿದ ಹೊಸ 5.1. 2011ರ ದೊಡ್ಡ ಬಾಕ್ಸ್‌ನ ಬ್ಲೂ-ರೇಯಲ್ಲಿ ಗತ್ರಿಯ 5.1 ಮತ್ತು ಪಾರ್ಸನ್ಸ್‌ರ ಕ್ವಾಡ್ ಎರಡೂ ಸಿಕ್ಕವು. 2023ರಲ್ಲಿ, ಐವತ್ತನೇ ವರ್ಷಕ್ಕೆ, ಅಟ್ಮಾಸ್ ಬ್ಲೂ-ರೇ.

ಈಗ ಹೇಳಿ, ಇದರಲ್ಲಿ ಯಾವುದು "ಒಳ್ಳೆಯದು"? ಎಸ್‌ಎಸಿಡಿಯ 5.1ಕ್ಕೂ ಬ್ಲೂ-ರೇಯ 5.1ಕ್ಕೂ ವ್ಯತ್ಯಾಸ ಹುಡುಕಲು ಕಣ್ಣು ಮುಚ್ಚಿ ಕೂರಬೇಕು, ಆಗಲೂ ಖಾತ್ರಿ ಇಲ್ಲ. ಪಾರ್ಸನ್ಸ್‌ರ ಮಿಕ್ಸ್‌ಗೂ ಗತ್ರಿಯ ಮಿಕ್ಸ್‌ಗೂ ಇರುವ ವ್ಯತ್ಯಾಸ ಮಾತ್ರ ಅಡುಗೆಮನೆಯಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ಡಿಎಸ್‌ಡಿ ಮೇಲೋ ಪಿಸಿಎಂ ಮೇಲೋ ಅಂತ ಜಗಳ ಆಡುವವರು ಆಡಲಿ. ದುಡ್ಡು ಕೊಡುವಾಗ ನೀವು ನೋಡಬೇಕಾದ್ದು, ಮಿಕ್ಸ್ ಯಾರದ್ದು, ಅದು ಯಾವ ಡಿಸ್ಕ್‌ನಲ್ಲಿದೆ.

ಎಚ್‌ಡಿಎಂಐ ಒಂದು ವೈರ್, ಅನಲಾಗ್ ಆರು ವೈರ್

ಪ್ಲೇಯರ್ ಆರಿಸುವಾಗ ಜನ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಆಪ್ಟಿಕಲ್ ವೈರ್ ಮರೆತುಬಿಡಿ. ಅದರಲ್ಲಿ ಡಾಲ್ಬಿ ಡಿಜಿಟಲ್, ಮಾಮೂಲಿ ಡಿಟಿಎಸ್ ಹೋಗುತ್ತದೆ. ಲಾಸ್‌ಲೆಸ್ 5.1 ಹೋಗುವುದಿಲ್ಲ. ಎಸ್‌ಎಸಿಡಿಯ ಸರೌಂಡ್ ಅಂತೂ ಇಲ್ಲವೇ ಇಲ್ಲ. ಉಳಿದದ್ದು ಎರಡು ದಾರಿ.

ಒಂದು, ಎಚ್‌ಡಿಎಂಐ. ಎಲ್ಲ ಡಿಸ್ಕ್‌ಗಳ ಎಲ್ಲ ಚಾನೆಲ್‌ಗಳೂ ಒಂದೇ ವೈರ್‌ನಲ್ಲಿ ರಿಸೀವರ್‌ಗೆ ಹೋಗುತ್ತವೆ. 2005ರ 1.2 ಆವೃತ್ತಿಯಿಂದ ಡಿಎಸ್‌ಡಿ ಕೂಡ. ಸ್ಪೀಕರ್ ದೂರ, ಮಟ್ಟ, ಕ್ರಾಸ್‌ಓವರ್ (ಎಷ್ಟು ಕೆಳಗಿನ ಸ್ವರ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ), ಎಲ್ಲವನ್ನೂ ರಿಸೀವರ್ ನೋಡಿಕೊಳ್ಳುತ್ತದೆ. ಕೋಣೆಗೆ ತಕ್ಕಂತೆ ಸರಿಮಾಡುವ ವ್ಯವಸ್ಥೆ ಹಾಕಿದರೆ ಹೆಚ್ಚಿನ ರಿಸೀವರ್‌ಗಳು ಡಿಎಸ್‌ಡಿಯನ್ನು ಪಿಸಿಎಂಗೆ ಬದಲಿಸಿಯೇ ಕೆಲಸ ಮಾಡುತ್ತವೆ. ಇದನ್ನು ಪಾಪ ಅನ್ನುವವರಿದ್ದಾರೆ. ನಮ್ಮ ಹಾಲ್‌ನ ಓರೆಕೋರೆ ಸರಿಯಾಗುತ್ತದೆ ಅಂದರೆ ಆ ಪಾಪ ನನ್ನ ಲೆಕ್ಕಕ್ಕಿರಲಿ.

ಎರಡು, ಅನಲಾಗ್. ಪ್ಲೇಯರ್‌ನ ಹಿಂದೆ ಆರು ತೂತು, ರಿಸೀವರ್‌ನ ಹಿಂದೆ ಆರು ತೂತು, ನಡುವೆ ಆರು ವೈರ್. ಎಚ್‌ಡಿಎಂಐ ಬರುವ ಮೊದಲು ಡಿವಿಡಿ-ಆಡಿಯೊ, ಎಸ್‌ಎಸಿಡಿಗೆ ಬಹುತೇಕ ಇದೇ ದಾರಿ. ಹಳೇ ಒಳ್ಳೆ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಈಗಲೂ ಇದೇ ದಾರಿ. ಆದರೆ ಇದರಲ್ಲಿ ರಿಸೀವರ್ ಸಾಮಾನ್ಯವಾಗಿ ಸುಮ್ನೆ ವಾಲ್ಯೂಮ್ ಗುಂಡಿಯಾಗಿ ಕೂರುತ್ತದೆ. ಬಾಸ್ ಮ್ಯಾನೇಜ್‌ಮೆಂಟ್, ಅಂದರೆ ಸಣ್ಣ ಸ್ಪೀಕರ್‌ಗಳ ಕೆಳಸ್ವರವನ್ನು ಸಬ್‌ವೂಫರ್‌ಗೆ ಕಳಿಸುವ ಕೆಲಸ, ಪ್ಲೇಯರ್ ಮಾಡಬೇಕು. ಎಷ್ಟೋ ಹಳೇ ಪ್ಲೇಯರ್‌ಗಳು ಡಿವಿಡಿಗೆ ಅದನ್ನು ಮಾಡಿ, ಎಸ್‌ಎಸಿಡಿ ಬಂದಾಗ ಕೈಬಿಡುತ್ತವೆ. ನಿಮ್ಮ ಹಿಂದಿನ ಸ್ಪೀಕರ್‌ಗಳು ಸಣ್ಣವಾಗಿದ್ದರೆ ಆ ಚಾನೆಲ್‌ಗಳ ಕೆಳಸ್ವರ ಎಲ್ಲಿಗೂ ಹೋಗದೆ ಮಾಯವಾಗುತ್ತದೆ. ಸಂಗೀತ ಒಣಗಿದ ಹಾಗೆ ಕೇಳುತ್ತದೆ, ದೋಷ ಡಿಸ್ಕ್ ಮೇಲೆ ಬರುತ್ತದೆ. ಇನ್ನೊಂದು: ಅನಲಾಗ್‌ನಲ್ಲಿ ಸಬ್‌ವೂಫರ್ ಚಾನೆಲ್ ಎಷ್ಟೋ ಸಲ 10 ಡೆಸಿಬೆಲ್ ಕಮ್ಮಿ ಬರುತ್ತದೆ. ರಿಸೀವರ್‌ನ ಮಲ್ಟಿ-ಇನ್ ಸೆಟ್ಟಿಂಗ್‌ನಲ್ಲಿ ಅದನ್ನು ಏರಿಸುವ ಆಯ್ಕೆ ಇದೆಯಾ ಹುಡುಕಿ.

ಮುಂಬಯಿ ಹವೆಗೂ ಅನಲಾಗ್ ವೈರ್‌ಗೂ ಜಗಳ. ಸಮುದ್ರದ ಗಾಳಿ, ಮಳೆಗಾಲದ ತೇವ ಸೇರಿ ಅಗ್ಗದ ಆರ್‌ಸಿಎ ಪ್ಲಗ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಒಂದು ದಿನ ಎಡ ಹಿಂಬದಿ ಸ್ಪೀಕರ್ ಗರಗರ ಅನ್ನುತ್ತದೆ, ಮಾರನೇ ದಿನ ಮೌನ. ರಿಪೇರಿಯವರನ್ನು ಕರೆಯುವ ಮೊದಲು ಎಲ್ಲ ಆಫ್ ಮಾಡಿ, ಪ್ಲಗ್ಗನ್ನು ತೂತಿನಲ್ಲೇ ನಾಲ್ಕು ಸಲ ತಿರುವಿ. ಅರ್ಧಕ್ಕರ್ಧ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಸೆಟ್ಟಿಂಗ್‌ನಲ್ಲಿ ಎರಡು ಕಡೆ ಕಣ್ಣಿಡಿ. ಎಸ್‌ಎಸಿಡಿ ಆದ್ಯತೆ ಅಂತ ಒಂದಿರುತ್ತದೆ: ಮಲ್ಟಿ, ಸ್ಟೀರಿಯೊ, ಸಿಡಿ. ಸ್ಟೀರಿಯೊ ಮೇಲೆ ಕೂತಿದ್ದರೆ ಹಿಂದಿನ ಸ್ಪೀಕರ್ ಯಾವತ್ತೂ ಬಾಯಿ ಬಿಡುವುದಿಲ್ಲ. ಬ್ಲೂ-ರೇಗೆ "ಬಿ.ಡಿ. ಆಡಿಯೊ ಮಿಕ್ಸ್" ಅಥವಾ "ಸೆಕೆಂಡರಿ ಆಡಿಯೊ" ಅಂತ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ಅಟ್ಮಾಸ್ ರಿಸೀವರ್‌ವರೆಗೆ ತಲುಪುವುದಿಲ್ಲ. ಸರಿಯಾಗಿದೆಯಾ ಅಂತ ತಿಳಿಯಲು ಕಿವಿಗಿಂತ ರಿಸೀವರ್‌ನ ಮುಂಭಾಗ ನಂಬಿ. ಅಲ್ಲಿ ಡಿಎಸ್‌ಡಿ, ಮಲ್ಟಿ ಚಾನೆಲ್, ಅಟ್ಮಾಸ್ ಅಂತ ಅಕ್ಷರ ಬರಬೇಕು.

ನಮ್ಮ ಹಾಲ್, ನಮ್ಮ ಸೋಫಾ

ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಮಾಟುಂಗಾದ ಹಳೇ ಕಟ್ಟಡ ಇರಲಿ, ಹಾಲ್‌ನ ನಕ್ಷೆ ಬಹಳ ಬದಲಾಗುವುದಿಲ್ಲ. ಒಂದು ಗೋಡೆಗೆ ಟಿವಿ. ಎದುರು ಗೋಡೆಗೆ ಒತ್ತಿ ಸೋಫಾ. ಒಂದು ಬದಿ ಬಾಲ್ಕನಿಯ ಗಾಜು, ಇನ್ನೊಂದು ಬದಿ ಅಡುಗೆಮನೆಗೆ ಹೋಗುವ ದಾರಿ. ಸೋಫಾದ ಹಿಂದೆ ಸ್ಪೀಕರ್ ಇಡಲು ಜಾಗವೇ ಇಲ್ಲ ಅಂತ ಬಹಳ ಜನ ಸರೌಂಡ್ ಯೋಚನೆಯನ್ನೇ ಬಿಟ್ಟುಬಿಡುತ್ತಾರೆ.

ಬಿಡಬೇಕಾಗಿಲ್ಲ. 5.1 ಸಂಗೀತಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟಿರುವ ನಕ್ಷೆಯಲ್ಲಿ ಮುಂದಿನ ಎರಡು ಸ್ಪೀಕರ್ ನಡುಗೆರೆಯಿಂದ 30 ಡಿಗ್ರಿಗೆ, "ಹಿಂದಿನ" ಎರಡು 100ರಿಂದ 120 ಡಿಗ್ರಿಗೆ. ಅಂದರೆ ಕಿವಿಯ ಪಕ್ಕಕ್ಕಿಂತ ಒಂಚೂರು ಹಿಂದೆ, ಅಷ್ಟೇ. ಗೋಡೆಗೆ ಒತ್ತಿದ ಸೋಫಾದ ಎರಡೂ ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟು, ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆದರೆ ಕೆಲಸ ಆಯಿತು. ಹಾಡು ಮುಗಿದ ಮೇಲೆ ಸೋಫಾ ಹಿಂದಕ್ಕೆ ತಳ್ಳಿದರೆ ಮನೆಯಲ್ಲೂ ಶಾಂತಿ. ಕ್ವಾಡ್ ಆಲ್ಬಂಗಳನ್ನು ನಾಲ್ಕು ಮೂಲೆಯ ಲೆಕ್ಕದಲ್ಲಿ ಮಾಡಿರುತ್ತಾರೆ. ಅವು ಈ ಜೋಡಣೆಯಲ್ಲಿ ಸ್ವಲ್ಪ ಮುಂದಕ್ಕೆ ಸರಿದ ಹಾಗೆ ಕೇಳುತ್ತವೆ. ತೊಂದರೆ ಇಲ್ಲ.

ಇಲ್ಲಿ ನನ್ನದೊಂದು ಹಟ ಇದೆ. ಐದೂ ಸ್ಪೀಕರ್ ಒಂದೇ ಮಾದರಿಯವು ಇರಲಿ. ಸಿನಿಮಾಕ್ಕೆ ಹಿಂದಿನ ಸ್ಪೀಕರ್ ಸಣ್ಣದಾದರೂ ನಡೆಯುತ್ತದೆ, ಅಲ್ಲಿ ಹೆಚ್ಚಾಗಿ ಮಳೆ, ಹೆಲಿಕಾಪ್ಟರ್. ಸಂಗೀತದಲ್ಲಿ ಹಿಂದಿನಿಂದ ಪೂರ್ತಿ ಗಿಟಾರ್ ಬರಬಹುದು, ಕೋರಸ್ ಬರಬಹುದು. ಮುಂದಿನಿಂದ ಹಿಂದಕ್ಕೆ ಹೋದ ದನಿ ಬೇರೆಯವರ ದನಿಯಾಗಬಾರದು. ಮುಂದೆ ಎರಡು ದೊಡ್ಡ ಟವರ್, ಹಿಂದೆ ಎರಡು ಪುಟ್ಟ ಡಬ್ಬಿ ಇಡುವ ಬದಲು, ಅದೇ ದುಡ್ಡಿಗೆ ಐದು ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್ ತಗೊಳ್ಳಿ. ಐದಕ್ಕೆ ದುಡ್ಡು ಸಾಲದಿದ್ದರೆ ನಾಲ್ಕು. ನಡುವಿನ ಸ್ಪೀಕರ್ ಇಲ್ಲ ಅಂತ ರಿಸೀವರ್‌ಗೆ ಹೇಳಿದರೆ ಅದರ ದನಿಯನ್ನು ಎಡಬಲಕ್ಕೆ ಹಂಚಿಕೊಡುತ್ತದೆ. ನಡುವೆ ಕೂತು ಒಬ್ಬರೇ ಕೇಳುವಾಗ ಯಾವ ನಷ್ಟವೂ ಇಲ್ಲ.

ದೂರದ ಲೆಕ್ಕ ಟೇಪ್ ಹಿಡಿದು ಅಳೆಯಿರಿ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಬಾಲ್ಕನಿ ಕಡೆಯದ್ದು ಒಂದೂವರೆ ಮೀಟರ್‌ಗೆ, ಅಡುಗೆಮನೆ ಕಡೆಯದ್ದು ಎರಡೂವರೆ ಮೀಟರ್‌ಗೆ ಇದ್ದರೆ ಎಲ್ಲ ಸದ್ದೂ ಬಾಲ್ಕನಿಗೆ ವಾಲುತ್ತದೆ. ಆ ಅಂಕಿ ರಿಸೀವರ್‌ಗೆ ಕೊಟ್ಟರೆ ನೆಟ್ಟಗಾಗುತ್ತದೆ. ಬಾಲ್ಕನಿ ಗಾಜಿಗೆ ದಪ್ಪ ಪರದೆ ಎಳೆದರೆ ಸಿಗುವ ಲಾಭ ದುಬಾರಿ ವೈರ್‌ನಿಂದ ಸಿಗುವುದಿಲ್ಲ.

ಸಬ್‌ವೂಫರ್ ಬಗ್ಗೆ ಒಂದು ಮಾತು. ನಿಮ್ಮ ನೆಲ ಕೆಳಗಿನ ಮನೆಯವರ ಛಾವಣಿ. ಗಾಯನ ಅವರಿಗೆ ಕೇಳಿಸುವುದಿಲ್ಲ, ಗುಂಯ್ ಗುಂಯ್ ಮಾತ್ರ ಕೇಳಿಸುತ್ತದೆ. ವಸತಿ ಪ್ರದೇಶಕ್ಕೆ ಸರಕಾರದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಕೆಳಗೆ ದಪ್ಪ ರಬ್ಬರ್ ಇಡಿ, ರಾತ್ರಿ ಮಟ್ಟ ಇಳಿಸಿ. ಸೊಸೈಟಿ ಮೀಟಿಂಗ್‌ನಲ್ಲಿ ನಿಮ್ಮ ಹೆಸರು ಬರುವುದು ತಪ್ಪುತ್ತದೆ.

ಅಟ್ಮಾಸ್ ಬೇಕಾ, ಸ್ಟ್ರೀಮಿಂಗ್ ಸಾಕಾ?

ಅಟ್ಮಾಸ್ 2012ರಲ್ಲಿ ಸಿನಿಮಾಕ್ಕೆ ಅಂತ ಬಂದದ್ದು. ಸಂಗೀತಕ್ಕೆ ಬಂದದ್ದು 2017ರಲ್ಲಿ, ಆರ್‌.ಇ.ಎಂ. ತಂಡದ 'ಆಟೋಮ್ಯಾಟಿಕ್ ಫಾರ್ ದಿ ಪೀಪಲ್' ಆಲ್ಬಂನ ಬ್ಲೂ-ರೇಯಿಂದ. ಅದಕ್ಕೆ ಸೂರಿನಲ್ಲೂ ಸ್ಪೀಕರ್ ಬೇಕು. ಬಾಡಿಗೆ ಮನೆಯಲ್ಲಿ ಸ್ಲ್ಯಾಬ್ ಕೊರೆಯಲು ಯಾವ ಮಾಲೀಕ ಬಿಡುತ್ತಾನೆ? ಹೆದರಬೇಡಿ. ಬ್ಲೂ-ರೇಯ ಟ್ರೂಎಚ್‌ಡಿ ಅಟ್ಮಾಸ್ ಟ್ರ್ಯಾಕ್ ಅಟ್ಮಾಸ್ ಗೊತ್ತಿಲ್ಲದ ರಿಸೀವರ್‌ನಲ್ಲೂ 5.1 ಅಥವಾ 7.1 ಆಗಿ ಹಾಡುತ್ತದೆ. ಸೂರಿನಲ್ಲಿ ಸ್ಪೀಕರ್ ಇಲ್ಲದಿದ್ದರೂ ಅಟ್ಮಾಸ್ ಡಿಸ್ಕ್ ತಗೊಳ್ಳಬಹುದು.

ಆಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಅಟ್ಮಾಸ್ ಕೊಡುತ್ತಿದೆ, ಆಲ್ಬಂಗಳ ರಾಶಿಯೇ ಇದೆ. ಅದು ಲಾಸಿ, ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೊಬಿಟ್. ಡಿಸ್ಕ್‌ನದ್ದು ಲಾಸ್‌ಲೆಸ್. ಗುಣಮಟ್ಟ ಪಕ್ಕಕ್ಕಿಡಿ. ಕೊಳ್ಳುವ ಮೊದಲು ಮಿಕ್ಸ್ ರುಚಿ ನೋಡಲು ಸ್ಟ್ರೀಮಿಂಗ್‌ಗಿಂತ ಒಳ್ಳೆಯದಿಲ್ಲ. ಇಷ್ಟವಾದದ್ದನ್ನು ಮಾತ್ರ ಡಿಸ್ಕ್‌ನಲ್ಲಿ ತರಿಸಿ. 1970ರ ಕ್ವಾಡ್, 2000ದ ದಶಕದ 5.1 ಮಿಕ್ಸ್‌ಗಳು ಮಾತ್ರ ಅಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಅವಕ್ಕೆ ಡಿಸ್ಕೇ ಗತಿ.

ನಮ್ಮ ಸಂಗೀತದ ಕತೆ

ಕನ್ನಡಿಗರ ಮನೆಯಲ್ಲಿ ಮುಂದಿನ ಪ್ರಶ್ನೆ ಗೊತ್ತೇ ಇದೆ: ಭೀಮಸೇನ ಜೋಶಿ, ಮನ್ಸೂರ್, ಗಂಗೂಬಾಯಿ? ಇವರ ಹಳೇ ಧ್ವನಿಮುದ್ರಿಕೆಗಳು ಮೊನೊ ಅಥವಾ ಸ್ಟೀರಿಯೊ. ರಿಸೀವರ್‌ನ ಗುಂಡಿ ಒತ್ತಿ ಅದನ್ನೇ ಐದು ಸ್ಪೀಕರ್‌ಗೆ ಹರಡಬಹುದು. ನನಗೆ ಹಿಡಿಸುವುದಿಲ್ಲ. ಗಾಯಕರು ಒಂದು ಕಡೆ ಕೂತು ಹಾಡಿದ್ದು, ಒಂದು ಕಡೆಯಿಂದಲೇ ಬರಲಿ. ತಂಬೂರಿ ಬೆನ್ನ ಹಿಂದೆ ಬಂದು ಕೂತರೆ ಗಮನ ಚದುರುತ್ತದೆ. ಭಾವಗೀತೆಗೂ ಇದೇ ಮಾತು. ಕನ್ನಡ ಸಿನಿಮಾ ಹಾಡುಗಳಾದರೆ 5.1 ಟ್ರ್ಯಾಕ್ ಇರುವ ಡಿವಿಡಿಗಳಿವೆ, ಯಾವ ಡಿವಿಡಿ ಪ್ಲೇಯರ್‌ನಲ್ಲೂ ಓಡುತ್ತವೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರ ವಿಷಯ ಬೇರೆ. ಆ ಡಿಸ್ಕ್‌ಗಳಲ್ಲಿ ಹಿಂದಿನ ಸ್ಪೀಕರ್‌ಗೆ ಹೆಚ್ಚಾಗಿ ಕೊಡುವುದು ಸಭಾಂಗಣದ ಮರುದನಿ. ಎನ್‌ಸಿಪಿಎಯ ಜಮ್ಷೆಡ್ ಭಾಭಾ ಥಿಯೇಟರ್‌ನಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕೇಳಿದವರಿಗೆ ಗೊತ್ತು, ಪಿಟೀಲುಗಳು ನಿಂತ ಮೇಲೂ ದನಿ ಒಂದು ಕ್ಷಣ ಗಾಳಿಯಲ್ಲಿ ಇರುತ್ತದೆ. ಒಳ್ಳೆ ಎಸ್‌ಎಸಿಡಿ ಅದನ್ನೇ ತರುತ್ತದೆ. ಹಿಂದಿನ ಸ್ಪೀಕರ್ ಹಾಡುತ್ತಿದೆ ಅಂತ ಗೊತ್ತೇ ಆಗಬಾರದು, ಆಫ್ ಮಾಡಿದಾಗ ಮಾತ್ರ ಕೋಣೆ ಕುಗ್ಗಿದ ಹಾಗೆ ಅನ್ನಿಸಬೇಕು. ಏನೂ ಕೇಳಿಸುತ್ತಿಲ್ಲ ಅಂತ ಅದರ ವಾಲ್ಯೂಮ್ ಏರಿಸಲು ಹೋಗಬೇಡಿ.

ಹಾಗಾದರೆ ಯಾರಿಗೆ ಯಾವುದು?

ಶಾಸ್ತ್ರೀಯ, ಜಾಝ್ ಜಾಸ್ತಿ ಕೇಳುವವರು ಎಸ್‌ಎಸಿಡಿ ಕಡೆ ಹೋಗಿ. ಬಿಐಎಸ್, ಚಾನೆಲ್ ಕ್ಲಾಸಿಕ್ಸ್, ಪೆಂಟಾಟೋನ್, ಈ ಮೂರರಲ್ಲೇ ವರ್ಷಗಟ್ಟಲೆ ಕೇಳುವಷ್ಟಿದೆ. 1970ರ ದಶಕದ ಕ್ವಾಡ್ ಮೋಹ ಇದ್ದರೆ ಡಟ್ಟನ್ ವೊಕೇಲಿಯನ್ ಎಸ್‌ಎಸಿಡಿ ಮತ್ತು ರೈನೋ ಬ್ಲೂ-ರೇ ಎರಡೂ ಬೇಕಾಗುತ್ತವೆ. ಪ್ರೋಗ್ ರಾಕ್‌ನವರಿಗೆ ಮೂರೂ ಬೇಕು, ಏನೂ ಮಾಡುವ ಹಾಗಿಲ್ಲ. ಈಗಿನ ಪಾಪ್, ಅಟ್ಮಾಸ್ ಮಾತ್ರ ಸಾಕು ಅನ್ನುವವರಿಗೆ ಯಾವ ಬ್ಲೂ-ರೇ ಪ್ಲೇಯರ್ ಆದರೂ ನಡೆಯುತ್ತದೆ.

ಪ್ಲೇಯರ್‌ಗಳಲ್ಲಿ ಸೋನಿ ಯುಬಿಪಿ-ಎಕ್ಸ್800ಎಂ2 ಮೂರೂ ಬಗೆಯ ಡಿಸ್ಕ್ ಓಡಿಸುತ್ತದೆ. ಲಾಸ್‌ಲೆಸ್ ಸರೌಂಡ್‌ಗೆ ಎಚ್‌ಡಿಎಂಐ ಮಾತ್ರ, ಅನಲಾಗ್ ತೂತುಗಳಿಲ್ಲ. ಎಚ್‌ಡಿಎಂಐ ಇರುವ ರಿಸೀವರ್ ನಿಮ್ಮಲ್ಲಿದ್ದರೆ ನನ್ನ ಓಟು ಇಂಥದ್ದಕ್ಕೇ. ಅನಲಾಗ್ ಬೇಕೇ ಬೇಕು ಅಂದರೆ ಮ್ಯಾಗ್ನೆಟಾರ್ ಯುಡಿಪಿ900 ಥರದ್ದು, ಇಲ್ಲವೇ ಹಳೇ ಒಪ್ಪೊ ಯುಡಿಪಿ-203. ಮೊದಲನೆಯದು ದುಬಾರಿ. ಎರಡನೆಯದರ ತಯಾರಿಯನ್ನು ಒಪ್ಪೊ ನಿಲ್ಲಿಸುವುದಾಗಿ ಹೇಳಿದ್ದು 2018ರಲ್ಲಿ, ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಒಂದೇ ಕಂಪನಿಯ ಅಕ್ಕಪಕ್ಕದ ಮಾದರಿಗಳಲ್ಲೂ ಒಂದಕ್ಕೆ ಎಸ್‌ಎಸಿಡಿ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಸ್ಪೆಸಿಫಿಕೇಶನ್ ಪುಟದಲ್ಲಿ ಎಸ್‌ಎಸಿಡಿ, ಡಿವಿಡಿ-ಆಡಿಯೊ ಎರಡೂ ಹೆಸರು ಕಣ್ಣಾರೆ ಕಾಣದೆ ದುಡ್ಡು ಕೊಡಬೇಡಿ.

ಸೌಂಡ್‌ಬಾರ್ ಮಾತ್ರ ಇರುವವರು ಪ್ಲೇಯರ್ ಅನ್ನು ಟಿವಿಗೆ ಸಿಕ್ಕಿಸಿ ಅಲ್ಲಿಂದ ಬಾರ್‌ಗೆ ಕೊಡುವ ಯೋಚನೆಯಲ್ಲಿದ್ದರೆ ಒಂದು ಗಮನಿಸಿ: ಎಷ್ಟೋ ಟಿವಿಗಳು ಡಿಟಿಎಸ್ ಅನ್ನು ಮುಂದೆ ಕಳಿಸುವುದಿಲ್ಲ. ಬಾರ್‌ಗೇ ನೇರ ಎಚ್‌ಡಿಎಂಐ ಇನ್‌ಪುಟ್ ಇರಬೇಕು.

ಸೆಕೆಂಡ್ ಹ್ಯಾಂಡ್ ನೋಡಲು ಲ್ಯಾಮಿಂಗ್ಟನ್ ರೋಡಿಗೋ ಚೋರ್ ಬಜಾರಿಗೋ ಹೋಗುವುದಾದರೆ ಮೊದಲು ಹಿಂಬದಿಯ ಸ್ಟಿಕ್ಕರ್ ಓದಿ. 100 ವೋಲ್ಟ್ ಅಂತಿದ್ದರೆ ಜಪಾನಿನದ್ದು, 120 ಇದ್ದರೆ ಅಮೆರಿಕದ್ದು. ನಮ್ಮ 230 ವೋಲ್ಟ್‌ಗೆ ನೇರ ಹಾಕಿದರೆ ಹೊಗೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೈಯಲ್ಲಿ ಒಂದು ಹೈಬ್ರಿಡ್ ಎಸ್‌ಎಸಿಡಿ ಒಯ್ಯಿರಿ. ಅಂಗಡಿಯವರು ಯಾವುದೋ ಸಿನಿಮಾ ಡಿವಿಡಿ ಹಾಕಿ "ಚಲ್ ರಹಾ ಹೈ ನಾ ಸಾಬ್" ಅನ್ನುತ್ತಾರೆ. ಅದಕ್ಕೆ ತಲೆ ಆಡಿಸಬೇಡಿ. ವಯಸ್ಸಾದ ಲೇಸರ್ ಸಿಡಿ, ಡಿವಿಡಿ ಓದಿಯೂ ಎಸ್‌ಎಸಿಡಿ ಪದರದಲ್ಲಿ ಸೋಲುವುದುಂಟು. ನಿಮ್ಮ ಡಿಸ್ಕ್ ಹಾಕಿಸಿ, ಡಿಸ್‌ಪ್ಲೇಯಲ್ಲಿ ಎಸ್‌ಎಸಿಡಿ, ಮಲ್ಟಿ ಎರಡೂ ಬಂತಾ ನೋಡಿ. ಮೊದಲ ಟ್ರ್ಯಾಕ್ ಕೇಳಿ ಎದ್ದು ಬರಬೇಡಿ. ಕೊನೆಯ ಟ್ರ್ಯಾಕ್‌ಗೆ ಹಾರಿಸಿ, ಅದು ಡಿಸ್ಕಿನ ಹೊರ ಅಂಚು, ತಡವರಿಸುವ ಪ್ಲೇಯರ್ ಅಲ್ಲೇ ತಡವರಿಸುತ್ತದೆ. ಅದೂ ಸರಿಯಾಗಿ ಓಡಿದರೆ ಚೌಕಾಸಿ ಶುರು ಮಾಡಿ.